ಬೈಕ್ ಇಂಜಿನ್ ಟ್ಯೂನಿಂಗ್: ಟ್ಯೂನರ್ ರಘು ಅವರನ್ನು ಕೇಳಿ

ಅಡ್ಮಿನ್: ಇವತ್ತು ರಘು ಅವರು ಗ್ರೂಪಿನಲ್ಲಿ ಉತ್ತರ ಕೊಡ್ತಾರೆ. ಪಿಗ್ಗಿಬ್ಯಾಕ್ (ಕಂಪನಿ ಇಸಿಯು, ಅಂದ್ರೆ ಇಂಜಿನ್ ಕಂಪ್ಯೂಟರಿಗೆ ಜೊತೆಯಾಗಿ ಹಾಕೋ ಬಾಕ್ಸ್), ಸ್ಟ್ಯಾಂಡ್‌ಅಲೋನ್ ಇಸಿಯು (ಅದರ ಬದಲಿಗೇ ಹಾಕೋದು), ಸಿಡಿಐ (ಕಿಡಿ ಕೊಡೋ ಬಾಕ್ಸ್), ಯಾವುದಾದರೂ ಕೇಳಿ. ಇಂಜಿನ್ನಿಗೆ ಏನೇನು ಬದಲಾಯಿಸಿದ್ದೀರಿ ಅಂತ ಮೊದಲು ಬರೀರಿ. ಫಾರ್ವರ್ಡ್ ಹಾಕಬೇಡಿ.

ಕಿರಣ್: ಸರ್, ಫ್ರೀ ಫ್ಲೋ ಎಕ್ಸಾಸ್ಟ್ ಹಾಕ್ಸಿದೀನಿ. ಥ್ರಾಟಲ್ ಬಿಟ್ಟ ತಕ್ಷಣ ಪಟಪಟ ಅನ್ನತ್ತೆ. ಇಂಜಿನ್ ಲೀನ್ ಆಗಿದ್ಯಾ, ಅಂದ್ರೆ ಪೆಟ್ರೋಲ್ ಕಮ್ಮಿ ಹೋಗ್ತಿದ್ಯಾ? ಮ್ಯಾಪ್ (ಯಾವಾಗ ಎಷ್ಟು ಪೆಟ್ರೋಲ್ ಅನ್ನೋ ಪಟ್ಟಿ) ಮಾಡಿಸ್ಬೇಕಾ?

ರಘು: ಮೊದಲು ಹೆಡ್ಡಿಗೆ ಪೈಪ್ ಕೂರೋ ಜಾಗದ ಗ್ಯಾಸ್ಕೆಟ್ ನೋಡಿ, ಕಿರಣ್. ಅಲ್ಲಿ ಗಾಳಿ ಎಳ್ಕೊಂಡ್ರೆ ಸುಡದೆ ಉಳಿದ ಪೆಟ್ರೋಲ್ ಪೈಪಿನೊಳಗೇ ಹೊತ್ಕೊಳ್ಳತ್ತೆ. ಅಲ್ಲಿ ಲೀಕ್ ಇಲ್ಲ ಅಂದ್ರೆ ಮಾತ್ರ ಮ್ಯಾಪಲ್ಲಿ ಥ್ರಾಟಲ್ ಮುಚ್ಚಿದ ಕಾಲಮ್ಮಿಗೆ ಕೈ ಹಾಕಿ. ಫುಲ್ ಥ್ರಾಟಲ್ ಮ್ಯಾಪಿಗೂ ಈ ಸದ್ದಿಗೂ ಸಂಬಂಧ ಇಲ್ಲ.

ಸಂತೋಷ್: ರಘಣ್ಣ, ಸಿಂಗಲ್ ಸಿಲಿಂಡರ್, ಏರ್ ಕೂಲ್ಡ್. ಬಿಗ್ ಬೋರ್ ಕಿಟ್ (ಅಗಲವಾದ ಸಿಲಿಂಡರ್, ಪಿಸ್ಟನ್) ಹಾಕ್ಸಿದೀನಿ, ಕಂಪ್ರೆಷನ್ 9.5 ಇದ್ದದ್ದು ಈಗ 11.5. ಫ್ಯೂಯಲ್ ಪಿಗ್ಗಿಬ್ಯಾಕ್ ಇದೆ, ಜೊತೆಗೆ ಇಗ್ನಿಷನ್ ಬಾಕ್ಸಲ್ಲಿ ಪೂರ್ತಿ 4 ಡಿಗ್ರಿ ಅಡ್ವಾನ್ಸ್ ಕೊಟ್ಟಿದೀನಿ, ಅಂದ್ರೆ ಕಿಡಿ ಅಷ್ಟು ಮುಂಚೆ ಬೀಳತ್ತೆ. ವೈಡ್‌ಬ್ಯಾಂಡ್ ಮೀಟರಲ್ಲಿ ಎಎಫ್‌ಆರ್ (ಗಾಳಿ-ಪೆಟ್ರೋಲ್ ಅನುಪಾತ) 12.8, ಪರ್ಫೆಕ್ಟ್. ಆದ್ರೆ ಏರು ಹತ್ತುವಾಗ 4,000 ಆರ್‌ಪಿಎಂ ಆಸುಪಾಸು ಟಿಣ್ ಟಿಣ್ ಅಂತ ಸದ್ದು. ಪ್ಲಗ್ ಬಿಚ್ಚಿದೆ, ಬಿಳಿ ಪಿಂಗಾಣಿ ಮೇಲೆ ಸಣ್ಣ ಸಣ್ಣ ಹೊಳೆಯೋ ಚುಕ್ಕೆ ಇದೆ. ಪೆಟ್ರೋಲ್ ಕಸನಾ?

ರಘು: ಸಂತೋಷ್, ಗಾಡಿ ನಿಲ್ಸು. ಈಗ ಎಲ್ಲಿದೆಯೋ ಅಲ್ಲಿಂದ ಟೆಂಪೋದಲ್ಲಿ ಹಾಕ್ಕೊಂಡು ಹೋಗು, ಓಡಿಸ್ಬೇಡ.

ಆ ಚುಕ್ಕೆ ಕಸ ಅಲ್ಲ, ಕಾರ್ಬನ್ನೂ ಅಲ್ಲ. ಅದು ನಿನ್ನ ಪಿಸ್ಟನ್ನು. ಅಲ್ಯೂಮಿನಿಯಂ ಕಣಕಣವಾಗಿ ಎದ್ದು ಪಿಂಗಾಣಿ ಮೇಲೆ ಕೂತಿದೆ.

12.8 ಇದೆ ಅಂತ ನೆಮ್ಮದಿಯಾಗಿರಬೇಡ. ಮೀಟರು ಹೇಳೋದು ಗಾಳಿಗೆ ಪೆಟ್ರೋಲ್ ಎಷ್ಟು ಅಂತ. ಕಿಡಿ ಯಾವಾಗ ಬಿತ್ತು ಅನ್ನೋದು ಅದಕ್ಕೆ ಗೊತ್ತೇ ಇಲ್ಲ. ಪಿಸ್ಟನ್ ಟಿಡಿಸಿ (ತೀರಾ ಮೇಲಿನ ತುದಿ) ದಾಟಿ ಸುಮಾರು 15 ಡಿಗ್ರಿ ಇಳಿದಾಗ ಒತ್ತಡ ತುದಿ ಮುಟ್ಟಬೇಕು, ಆಗ ಕ್ರ್ಯಾಂಕಿಗೆ ಸರಿಯಾದ ತಳ್ಳು ಸಿಗತ್ತೆ. ಕಂಪ್ರೆಷನ್ ಏರಿಸಿದ ಮೇಲೆ ಮಿಶ್ರಣ ಹೆಚ್ಚು ಒತ್ತಾಗಿ, ಹೆಚ್ಚು ಬಿಸಿಯಾಗಿ ಇರತ್ತೆ, ಬೇಗ ಉರಿಯತ್ತೆ. ಹಾಗಾಗಿ ಕಿಡಿ ತಡವಾಗಿ ಬೀಳಬೇಕಿತ್ತು, ನೀನು 4 ಡಿಗ್ರಿ ಮುಂಚೆ ತಂದಿದೀಯ. ಬೋರ್ ಅಗಲ ಆದ್ರೆ ಜ್ವಾಲೆ ದೂರ ಹೋಗ್ಬೇಕು, ಅದಕ್ಕೆ ಅಡ್ವಾನ್ಸ್ ಬೇಕು ಅಂತ ಯಾರೋ ಹೇಳಿರ್ತಾರೆ. ಅರ್ಧ ನಿಜ. ಜ್ವಾಲೆ ಅಷ್ಟು ದೂರ ಬರೋ ತನಕ ಮೂಲೆಯಲ್ಲಿ ಕಾಯ್ತಿರೋ ಮಿಶ್ರಣ ತಾನಾಗೇ ಹೊತ್ಕೊಳ್ಳೋಕೂ ಸಮಯ ಸಿಗತ್ತೆ. ಅದನ್ನೇ ನಾಕ್ ಅನ್ನೋದು, ನಿನ್ನ ಟಿಣ್ ಟಿಣ್ ಅದೇ.

ಪಿಸ್ಟನ್ ಮೇಲೆ ತೆಳ್ಳನೆ ಅನಿಲದ ಪದರ ಯಾವಾಗಲೂ ಇರತ್ತೆ, ಬೆಂಕಿಯ ಪೂರ್ತಿ ಬಿಸಿ ಲೋಹಕ್ಕೆ ತಾಗದ ಹಾಗೆ ತಡೆಯೋದು ಅದು. ನಾಕ್ ಆದಾಗ ಏಳೋ ಒತ್ತಡದ ಅಲೆ ಆ ಪದರವನ್ನ ಹರಿದು ಹಾಕತ್ತೆ. ಅಲ್ಯೂಮಿನಿಯಂ ಕರಗೋದು 660 ಡಿಗ್ರಿ ಸೆಲ್ಸಿಯಸ್ಸಿಗೆ, ಪಿಸ್ಟನ್ ಮಿಶ್ರಲೋಹ ಇನ್ನೂ ಮುಂಚೆ. ಎದುರಿಗಿರೋ ಬೆಂಕಿ 2,000 ದಾಟಿರತ್ತೆ. ಮೊದಲು ಅಂಚು ಗುಳಿ ಬೀಳತ್ತೆ, ಆಮೇಲೆ ಮೇಲಿನ ರಿಂಗ್ ಕೂರೋ ಕಟ್ಟೆ ಮುರಿಯತ್ತೆ, ಆಮೇಲೆ ತೂತು.

ಪ್ಲಗ್ ತೂತಲ್ಲಿ ಬೋರ್‌ಸ್ಕೋಪ್ (ಸಣ್ಣ ಕ್ಯಾಮೆರಾ) ಇಳಿಸಿ ಪಿಸ್ಟನ್ ಅಂಚಿನ ಫೋಟೋ ಹಾಕು. ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ನೋಡೋದು) ಮಾಡ್ಸು. ಟೈಮಿಂಗ್ ಲೈಟ್ ಹಿಡಿದು ನಿಜವಾಗಿ ಎಷ್ಟು ಡಿಗ್ರಿ ಇದೆ ಅಂತ ನೋಡಿಸು, ಬಾಕ್ಸಿನ ಸ್ಕ್ರೀನ್ ನಂಬಬೇಡ. ಹಾಗೇ ಫ್ಲೈವೀಲ್ ಮೇಲಿನ ಗುರುತು ನಿಜವಾದ ಟಿಡಿಸಿನಾ ಅಂತ ಪಿಸ್ಟನ್ ಸ್ಟಾಪ್ ಹಾಕಿ ಪರೀಕ್ಷೆ ಮಾಡಿಸು.

ನವೀನ್: ಸಂತೋಷ್ ಬ್ರೋ, ಇಷ್ಟೆಲ್ಲ ಯಾಕೆ. ಟ್ಯಾಂಕಿಗೆ 4 ನ್ಯಾಫ್ತಲೀನ್ ಗುಳಿಗೆ ಹಾಕಿ, ಆಕ್ಟೇನ್ ಏರತ್ತೆ, ನಾಕಿಂಗ್ ಮಾಯ. ವಿಡಿಯೋ ಬಂದಿತ್ತು, ಫಾರ್ವರ್ಡ್ ಮಾಡ್ತೀನಿ.

ರಘು: ಮಾಡಬೇಡಿ. ಗುಳಿಗೆ ಪೆಟ್ರೋಲಲ್ಲಿ ಕರಗತ್ತೆ, ಪೆಟ್ರೋಲ್ ಆವಿಯಾದ ಮೇಲೆ ಹರಳಾಗಿ ಉಳಿಯತ್ತೆ. ಉಳಿಯೋದು ಫಿಲ್ಟರಲ್ಲಿ, ಇಂಜೆಕ್ಟರ್ ಬಾಯಲ್ಲಿ. ಇಂಜೆಕ್ಟರ್ ಅರ್ಧ ಕಟ್ಟಿದ್ರೆ ಲೀನ್, ಲೀನ್ ಆದ್ರೆ ಇನ್ನಷ್ಟು ನಾಕ್. ಪಿಸ್ಟನ್ ಕರಗ್ತಿರೋ ಹುಡುಗನಿಗೆ ಹೇಳೋ ಮದ್ದಾ ಇದು?

ನವೀನ್: ಹಳೇ ಕಾಲದಲ್ಲಿ ಎಲ್ರೂ ಹಾಕ್ತಿದ್ರು ಸರ್.

ಶಂಕ್ರಣ್ಣ: ಹಳೇ ಕಾಲದಲ್ಲಿ ಕಾರ್ಬುರೇಟರ್ ಇತ್ತಪ್ಪ, ಬಿಚ್ಚಿ ಊದಿದ್ರೆ ಮುಗೀತಿತ್ತು. ಈಗಲೂ ನನ್ನ ಮಾತು ಅದೇ, ಜೆಟ್ ಬದಲಾಯ್ಸಿ, ನೀಡಲ್ ಒಂದು ಗೆರೆ ಏರಿಸಿ, ಆರಾಮಾಗಿ ಓಡ್ಸಿ. ಈ ಡಬ್ಬಗಳೆಲ್ಲ ದುಡ್ಡಿನ ದಂಡ.

ಫಯಾಜ್: ಶಂಕ್ರಣ್ಣ, ಜೆಟ್ ಬದಲಾಯ್ಸಿದ್ರೆ ಇಗ್ನಿಷನ್ ಟೈಮಿಂಗ್ ಬದಲಾಗತ್ತಾ? ಸಂತೋಷ್ ಸಮಸ್ಯೆ ಪೆಟ್ರೋಲಿಂದಲ್ಲ.

ಶಂಕ್ರಣ್ಣ: ಪಾಯಿಂಟ್ ಪ್ಲೇಟ್ ತಿರುಗಿಸಿ ಟೈಮಿಂಗ್ ಇಟ್ಟೋರು ನಾವು. ಲ್ಯಾಪ್‌ಟಾಪ್ ಇಟ್ಕೊಂಡು ನಮಗೇ ಪಾಠ ಹೇಳ್ಬೇಡ.

ವಿನಯ್: ಕ್ವಿಕ್‌ಶಿಫ್ಟರಿಗೆ (ಕ್ಲಚ್ ಹಿಡಿಯದೆ ಗೇರ್ ಹಾಕೋ ಸಾಧನ) ಇಗ್ನಿಷನ್ ಕಟ್ ಟೈಮ್ ಎಷ್ಟು ಇಡ್ಬೇಕು ಸರ್? ಎರಡರಿಂದ ಮೂರಕ್ಕೆ ಹೋಗುವಾಗ ಜರ್ಕ್.

ದೀಪಾ: ನಮಸ್ತೆ ರಘು ಅವರೇ. ಸಿಂಗಲ್ ಸಿಲಿಂಡರ್ ಟ್ರ್ಯಾಕ್ ಬೈಕ್, ಸ್ಟ್ಯಾಂಡ್‌ಅಲೋನ್ ಇಸಿಯು, ಆಲ್ಫಾ-ಎನ್ (ಥ್ರಾಟಲ್, ಆರ್‌ಪಿಎಂ ನೋಡಿ ಪೆಟ್ರೋಲ್ ಕೊಡೋ ವಿಧಾನ), ದೊಡ್ಡ ಥ್ರಾಟಲ್ ಬಾಡಿ. 7,500 ಆರ್‌ಪಿಎಂ ದಾಟಿದ ತಕ್ಷಣ ಕತ್ತರಿಸಿದ ಹಾಗೆ ಪವರ್ ಬೀಳತ್ತೆ. ಆ ಹೊತ್ತಿಗೆ ವೈಡ್‌ಬ್ಯಾಂಡ್ 16, 17 ತೋರಿಸತ್ತೆ, ಅಂದ್ರೆ ಲೀನ್. ಮ್ಯಾಪಿನ ಆ ಸೆಲ್‌ಗಳಲ್ಲಿ ಪೆಟ್ರೋಲ್ ಏರಿಸ್ತಾ ಬಂದೆ, ಪ್ರತಿ ಸಲವೂ ಇನ್ನೂ ಕೆಟ್ಟಿತು. ಇಂಜೆಕ್ಟರ್ ಡ್ಯೂಟಿ (ತೆರೆದಿರೋ ಸಮಯದ ಪಾಲು) ಶೇಕಡಾ 70ರ ಒಳಗೇ ಇದೆ.

ರಘು: ಇದು ಚೆನ್ನಾಗಿದೆ. ಪೆಟ್ರೋಲ್ ಹೆಚ್ಚಿಸಿದಷ್ಟೂ ಕೆಡತ್ತೆ ಅಂತ ಗಮನಿಸಿದ್ರಲ್ಲ, ಉತ್ತರ ಅಲ್ಲೇ ಇದೆ. ವೈಡ್‌ಬ್ಯಾಂಡ್ ಪೆಟ್ರೋಲ್ ಅಳೆಯಲ್ಲ, ಎಕ್ಸಾಸ್ಟಲ್ಲಿ ಉಳಿದ ಆಮ್ಲಜನಕ ಅಳೆಯತ್ತೆ. ಕಿಡಿ ತಪ್ಪಿದ್ರೆ ಆ ಸಿಲಿಂಡರಿನ ಗಾಳಿ ಪೂರ್ತಿ ಹಾಗೇ ಹೊರಗೆ ಬರತ್ತೆ, ಮೀಟರು ಲೀನ್ ಅನ್ನತ್ತೆ. ನಿಮ್ಮ ಇಂಜಿನ್ ಲೀನ್ ಅಲ್ಲ, ಮಿಸ್‌ಫೈರ್. ಪ್ಲಗ್ ನಂಬರಲ್ಲಿ ಆರ್ (ರೆಸಿಸ್ಟರ್) ಇದ್ಯಾ? ಕ್ಯಾಪ್ ಯಾವುದು? ಕ್ರ್ಯಾಂಕ್ ಎಲ್ಲಿದೆ ಅಂತ ಇಸಿಯುಗೆ ಹೇಳೋ ಪಿಕಪ್ ಕಾಯಿಲಿನ ವೈರ್ ಎಲ್ಲಿಂದ ಬರತ್ತೆ? ಲಾಗಲ್ಲಿ ಸಿಂಕ್ ಲಾಸ್ (ಇಸಿಯುಗೆ ಕ್ರ್ಯಾಂಕಿನ ಲೆಕ್ಕ ತಪ್ಪೋದು) ಕೌಂಟ್ ಎಷ್ಟಿದೆ?

ದೀಪಾ: ಪ್ಲಗ್ಗಲ್ಲಿ ಆರ್ ಇಲ್ಲ. ಕಿಡಿ ಜೋರಾಗಿ ಬರ್ಲಿ ಅಂತ ರೆಸಿಸ್ಟರ್ ಇಲ್ಲದ ಕ್ಯಾಪ್ ಹಾಕಿದೆ. ಪಿಕಪ್ ವೈರ್ ಕಾಯಿಲ್ ವೈರ್ ಜೊತೆ ಒಂದೇ ಕಟ್ಟಿನಲ್ಲಿದೆ. ಸಿಂಕ್ ಲಾಸ್ ಈಗ ನೋಡ್ದೆ, 7,500 ಆದಮೇಲೆ ಏರ್ತಾ ಹೋಗಿದೆ.

ರಘು: ಮೂರೂ ಸೇರ್ಕೊಂಡಿವೆ. ರೆಸಿಸ್ಟರ್ ತೆಗೆದ್ರೆ ಕಿಡಿಯ ಜೊತೆ ರೇಡಿಯೋ ಗದ್ದಲವೂ ಏಳತ್ತೆ. ಪಕ್ಕದ ಪಿಕಪ್ ವೈರ್ ಅದನ್ನ ಹಿಡ್ಕೊಂಡು ಕ್ರ್ಯಾಂಕಿನ ಹಲ್ಲು ಬಂತು ಅಂತ ಇಸಿಯುಗೆ ಸುಳ್ಳು ಹೇಳತ್ತೆ. ಆರ್ ಇರೋ ಪ್ಲಗ್, 5 ಕಿಲೋ ಓಮ್ ಕ್ಯಾಪ್ ಹಾಕಿ. ಪಿಕಪ್ಪಿಗೆ ಶೀಲ್ಡೆಡ್ ವೈರ್ ಬೇರೆ ದಾರಿಯಲ್ಲಿ ತನ್ನಿ, ಶೀಲ್ಡನ್ನ ಇಸಿಯು ಕಡೆ ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿ. ಪಿಕಪ್ಪಿನ ಎರಡು ವೈರ್ ಅದಲುಬದಲಾಗಿದ್ಯಾ ಅಂತಾನೂ ನೋಡಿ. ಹಾಗಾಗಿದ್ರೆ ಆರ್‌ಪಿಎಂ ಏರಿದ ಹಾಗೆ ಟೈಮಿಂಗ್ ಗುರುತು ತಾನೇ ಜಾರತ್ತೆ, ಲೈಟಲ್ಲಿ ಕಾಣತ್ತೆ. ಇದೆಲ್ಲ ಸರಿ ಆಗೋ ತನಕ ಫ್ಯೂಯಲ್ ಟೇಬಲ್ ಮುಟ್ಟಬೇಡಿ. ಆಮೇಲೆ ನೀವು ಸೇರಿಸಿದ್ದನ್ನೆಲ್ಲ ವಾಪಸ್ ತೆಗೀರಿ.

ಮಹೇಶ್: ನಂದೂ ಎಕ್ಸಾಸ್ಟ್ ಬದಲಾಯ್ಸಿದ ಮೇಲೆ ಥ್ರಾಟಲ್ ಬಿಟ್ರೆ ಪಟಪಟ ಅನ್ನತ್ತೆ, ಏನ್ ಮಾಡೋದು?

ರಘು: ಕಿರಣ್‌ಗೆ ಹೇಳಿದ್ದು ಓದಿ.

ಅಜಯ್: ಎಥನಾಲ್ ಬೆರೆತ ಪೆಟ್ರೋಲ್ ಹಾಕಿದಮೇಲೂ ಮೀಟರಲ್ಲಿ 14.7 ಅಂತಾನೇ ಗುರಿ ಇಡ್ಬೇಕಾ?

ರಘು: ಮೀಟರನ್ನ ಲ್ಯಾಂಬ್ಡಾಗೆ ಬದಲಾಯಿಸಿ ನೋಡಿ, ಪೂರ್ತಿ ಉರಿಯೋಕೆ ಬೇಕಾದ ಗಾಳಿಗೆ ಇರೋ ಗಾಳಿ ಎಷ್ಟು ಪಾಲು ಅಂತ ಅದು ಹೇಳತ್ತೆ. 14.7 ಬರೀ ಪೆಟ್ರೋಲಿನ ಅಂಕಿ. ಲ್ಯಾಂಬ್ಡಾ 1 ಯಾವ ಇಂಧನಕ್ಕೂ 1.

ಹರ್ಷ: ಪಿಗ್ಗಿಬ್ಯಾಕಲ್ಲಿ ಸಣ್ಣ ಥ್ರಾಟಲ್ಲಿಗೆ ಪೆಟ್ರೋಲ್ ಸೇರಿಸಿದ್ರೆ ಎರಡು ದಿನ ಚೆನ್ನಾಗಿದ್ದು ಮತ್ತೆ ಹಳೇ ಥರ. ಬಾಕ್ಸ್ ಕೆಟ್ಟಿದ್ಯಾ?

ರಘು: ಇಲ್ಲ. ನೀವು ಸೇರಿಸ್ತೀರ, ಕಂಪನಿ ಇಸಿಯು ಎಕ್ಸಾಸ್ಟಿನ ಓ2 (ಆಮ್ಲಜನಕ) ಸೆನ್ಸರ್ ನೋಡ್ಕೊಂಡು ಕಳೀತಾ ಹೋಗತ್ತೆ. ಆ ಭಾಗ ಕ್ಲೋಸ್ಡ್ ಲೂಪ್.

ನವೀನ್: ಅದಕ್ಕೇ ಏರ್ ಟೆಂಪರೇಚರ್ ಸೆನ್ಸರಿಗೆ ಒಂದು ರೆಸಿಸ್ಟರ್ ಹಾಕಿ ಅಂತ ಇನ್ನೊಂದು ವಿಡಿಯೋ ಇದೆ. ಬಾಕ್ಸೇ ಬೇಡ. ನನ್ನ ಗಾಡಿಗೆ ಹಾಕಿ 97 ಆಕ್ಟೇನ್ ತುಂಬಿಸಿದೀನಿ, ಪಿಕಪ್ ರಾಕೆಟ್.

ಫಯಾಜ್: ಸ್ಟಾಕ್ (ಏನೂ ಬದಲಾಯಿಸದ) ಇಂಜಿನ್ನಿಗೆ 97 ಹಾಕಿದ್ರೆ ಏನೂ ಲಾಭ ಆಗಲ್ಲ. ಆಕ್ಟೇನ್ ಅಂದ್ರೆ ಶಕ್ತಿ ಅಲ್ಲ, ನಾಕ್ ತಡ್ಕೊಳ್ಳೋ ತಾಕತ್ತು.

ನವೀನ್: ನನ್ನ ಗಾಡಿ ಓಡ್ಸಿ ನೋಡಿದೀರಾ? ನನಗೆ ಗೊತ್ತಾಗತ್ತೆ.

ಫಯಾಜ್: ಡೈನೋ (ಪವರ್ ಅಳೆಯೋ ಯಂತ್ರ) ಶೀಟ್ ಹಾಕಿ.

ನವೀನ್: ನಿಮ್ಮ ಹತ್ರ ಬೈಕ್ ಇದ್ಯಾ ಮೊದ್ಲು?

ಶಂಕ್ರಣ್ಣ: ಇಬ್ರೂ ಸುಮ್ನಿರ್ರಪ್ಪ. ಡೈನೋ ಅಂತೆ. ಇಂಜಿನ್ ಸದ್ದಲ್ಲೇ ಗೊತ್ತಾಗತ್ತೆ.

ರಘು: ಶಂಕ್ರಣ್ಣ, 8,000 ಆರ್‌ಪಿಎಂನಲ್ಲಿ ಗಾಳಿ, ಎಕ್ಸಾಸ್ಟ್ ಸದ್ದಿನ ನಡುವೆ ನಾಕ್ ಕಿವಿಗೆ ಬೀಳಲ್ಲ. ನಿಮಗೂ ಬೀಳಲ್ಲ. ನವೀನ್, ಆ ರೆಸಿಸ್ಟರ್ ಗಾಳಿ ತಣ್ಣಗಿದೆ ಅಂತ ಇಸಿಯುಗೆ ನಂಬಿಸತ್ತೆ ಅಷ್ಟೆ. ಪೆಟ್ರೋಲ್ ಸುರಿಯತ್ತೆ, ಕೆಲವು ಗಾಡಿಯಲ್ಲಿ ಟೈಮಿಂಗ್ ಕೂಡ ಮುಂದಕ್ಕೆ ಹೋಗತ್ತೆ. ಇನ್ನೊಂದು ವಿಡಿಯೋ ಬಂದ್ರೆ ನಾನು ಹೊರಡ್ತೀನಿ.

ವಿನಯ್: ಸರ್ ಕ್ವಿಕ್‌ಶಿಫ್ಟರ್?

ಲೋಕೇಶ್: ಎಕ್ಸಾಸ್ಟ್ ಹಾಕ್ಸಿದೀನಿ, ಪಟಪಟ ಸದ್ದು

ರಘು: ಗ್ಯಾಸ್ಕೆಟ್.

ಪ್ರಮೋದ್: ಒಂದೇ ಮಾಡೆಲ್ ಬೈಕಿಗೆ ಯಾರಾದ್ರೂ ಮ್ಯಾಪ್ ಫೈಲ್ ಕಳಿಸಿದ್ರೆ ಸಾಕಲ್ವಾ? ಡೈನೋಗೆ ಯಾಕೆ ಹೋಗ್ಬೇಕು?

ಫಯಾಜ್: ಅವನ ಫಿಲ್ಟರ್ ಬೇರೆ, ಪೈಪ್ ಬೇರೆ, ಇಂಜೆಕ್ಟರ್ ಬೇರೆ. ಶುರು ಮಾಡೋಕೆ ಆಗತ್ತೆ, ಓಡಿಸೋಕಲ್ಲ.

ನವೀನ್: ಈಗ ಇವ್ರೇ ಎಕ್ಸ್‌ಪರ್ಟ್.

ಅಡ್ಮಿನ್: ನವೀನ್, ಫಯಾಜ್, ಪರ್ಸನಲ್ ಮೆಸೇಜಲ್ಲಿ ಜಗಳ ಮಾಡ್ಕೊಳ್ಳಿ.

ದೀಪಾ: ಹಳೇ ರೆಸಿಸ್ಟರ್ ಪ್ಲಗ್, ಕ್ಯಾಪ್ ವಾಪಸ್ ಹಾಕಿ, ಪಿಕಪ್ ವೈರನ್ನ ಸದ್ಯಕ್ಕೆ ಫ್ರೇಮಿನ ಇನ್ನೊಂದು ಬದಿಯಿಂದ ತಂದೆ. ಸಿಂಕ್ ಲಾಸ್ ಸೊನ್ನೆ. 9,000 ತನಕ ನೇರ ಎಳೀತು. ಈಗ ಮೀಟರ್ 11.2, ಕಪ್ಪು ಹೊಗೆ.

ರಘು: ನೀವು ಸುರಿದ ಪೆಟ್ರೋಲ್ ಅದು. ಹಳೇ ಟೇಬಲ್ ವಾಪಸ್ ಹಾಕಿ, ಲ್ಯಾಂಬ್ಡಾ 0.87ರ ಹತ್ರ ಗುರಿ ಇಡಿ. ಶೀಲ್ಡೆಡ್ ವೈರ್ ಮರೀಬೇಡಿ.

ಸಂತೋಷ್: ಅಣ್ಣ, ಟೈಮಿಂಗ್ ಲೈಟ್ ಸಿಗ್ಲಿಲ್ಲ. ಆ 4 ಡಿಗ್ರಿ ತೆಗೆದುಬಿಟ್ಟೆ. ಈಗ ಸದ್ದು ಕಮ್ಮಿ. ನಿಧಾನಕ್ಕೆ, ಟಾಪ್ ಗೇರಲ್ಲಿ ಓಡಿಸಿದ್ರೆ ಪರವಾಗಿಲ್ವಾ?

ರಘು: ಓಡಿಸಿದೀಯ ಅಂತಾಯ್ತು. ಟಾಪ್ ಗೇರಲ್ಲಿ ಕಡಿಮೆ ಆರ್‌ಪಿಎಂ, ಥ್ರಾಟಲ್ ಪೂರ್ತಿ, ನಾಕ್ ಆಗೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಬೋರ್‌ಸ್ಕೋಪ್ ಫೋಟೋ ಎಲ್ಲಿ?

ಸಂತೋಷ್: ಹಾಕಿದೀನಿ ನೋಡಿ. ಎಕ್ಸಾಸ್ಟ್ ವಾಲ್ವ್ ಕಡೆ ಅಂಚು ಮರಳು ಹೊಡೆದ ಹಾಗೆ ಒರಟಾಗಿದೆ, ಉಳಿದದ್ದು ನುಣ್ಣಗಿದೆ.

ರಘು: ಹೆಡ್ ಬಿಚ್ಚಿಸು. ಪಿಸ್ಟನ್ ಬದಲಾಯಿಸಬೇಕು, ಮೇಲಿನ ರಿಂಗ್ ಕಟ್ಟೆ ಬಿರುಕು ಬಿಟ್ಟಿದ್ಯಾ ನೋಡಿಸು, ಸಿಲಿಂಡರ್ ಅಳತೆ ಹಿಡಿಸು. ಆಯಿಲ್ ಫಿಲ್ಟರ್ ಕತ್ತರಿಸಿ ಒಳಗೆ ಅಲ್ಯೂಮಿನಿಯಂ ಪುಡಿ ಇದ್ರೆ ಕ್ರ್ಯಾಂಕ್ ಬೇರಿಂಗ್ ತನಕ ತೊಳೆಸು. ಕಟ್ಟೋವಾಗ ಪ್ಲಗ್ ಒಂದು ಹೀಟ್ ರೇಂಜ್ ತಣ್ಣನೆಯದು (ಬಿಸಿ ಬೇಗ ಬಿಡೋದು) ಹಾಕು, ಎನ್‌ಜಿಕೆ ಕಂಪನಿಯದಾದ್ರೆ ನಂಬರ್ ಒಂದು ಜಾಸ್ತಿ. ಲೋಡ್ ಜಾಸ್ತಿ ಇರೋ 3,000ದಿಂದ 5,000 ಜಾಗದಲ್ಲಿ ಟೈಮಿಂಗ್ ಸ್ಟಾಕ್‌ಗಿಂತ 3 ಡಿಗ್ರಿ ಹಿಂದಕ್ಕೆ ಇಟ್ಟು ಶುರು ಮಾಡು, ನಾಕ್ ಮೈಕ್ ಹಚ್ಚಿ ಡೈನೋ ಮೇಲೆ ಒಂದೊಂದೇ ಡಿಗ್ರಿ ಮುಂದಕ್ಕೆ ತಾ. ಪವರ್ ಏರೋದು ನಿಂತ ಕಡೆ ನಿಲ್ಸು.

ಸಂತೋಷ್: ಸರಿ ಅಣ್ಣ. ಕಿಟ್ ಕೊಟ್ಟವರು 4 ಡಿಗ್ರಿ ಸೇಫ್ ಅಂದಿದ್ರು.

ರಘು: ಯಾವ ಪೆಟ್ರೋಲಿಗೆ, ಯಾವ ಕಂಪ್ರೆಷನ್ನಿಗೆ ಅಂತ ಬರವಣಿಗೆಯಲ್ಲಿ ಕೇಳು.

ವಿನಯ್: ಸರ್??