ಪದ ಬೇಕಿದೆ: ಹಳೇ ಕಾರಿನ 'ಹೀಟರ್ ಕೋರ್' (ನಾಳೆ ಸಂಜೆಯೊಳಗೆ)

ಕೇಳಿಕೆ, ಇಂಗ್ಲೆಂಡಿನ ಕೊವೆಂಟ್ರಿಯಿಂದ

ಬಳಗಕ್ಕೆ ನಮಸ್ಕಾರ. ನನ್ನ 1971ರ ಎಂಜಿಬಿ ಕಾರಿನ ಹೀಟರ್ ಕೋರ್ ಬದಲಾಯಿಸಿದ್ದನ್ನು ವಿಡಿಯೊ ಮಾಡಿ ಕನ್ನಡದಲ್ಲಿ ವಿವರಿಸಿದ್ದೇನೆ. ನಾಳೆ ಸಂಜೆ ಏರಿಸಬೇಕು. ತಲೆಬರಹಕ್ಕೂ ಅಡಿಬರಹಕ್ಕೂ ಕನ್ನಡದ್ದೇ ಒಂದು ಪದ ಸಿಕ್ಕರೆ ಚೆನ್ನ.

ವಸ್ತು ಇಂಥದ್ದು. ಎಂಜಿನ್ ಸುತ್ತಿ ಬಿಸಿಯಾದ ನೀರು ಎರಡು ರಬ್ಬರ್ ಪೈಪುಗಳಲ್ಲಿ ಇದರೊಳಗೆ ಬಂದು ಹೋಗುತ್ತದೆ. ದಪ್ಪ ನಿಘಂಟಿನ ಗಾತ್ರ. ಸಾಲು ಕೊಳವೆಗಳು, ನಡುವೆ ತೆಳ್ಳನೆಯ ರೆಕ್ಕೆಗಳು. ಫ್ಯಾನು ಅದರ ಮೇಲೆ ಗಾಳಿ ಹಾಯಿಸುತ್ತದೆ, ಕೂತವರ ಕಾಲು ಬೆಚ್ಚಗಾಗುತ್ತದೆ. ಸೋರಲು ಶುರುವಾದರೆ ಗಾಜಿನ ಒಳಮೈಗೆ ಅಂಟಂಟು ಮಂಜು, ಕಾಲಡಿಯ ಹಾಸು ಒದ್ದೆ, ಆ ನೀರಿಗೆ ಬೆರೆಸಿದ ಕೂಲಂಟಿನ ಸಿಹಿ ವಾಸನೆ. ಈ ಕಾರಿನಲ್ಲಿ ಹೀಟರ್ ಪೆಟ್ಟಿಗೆ ಇರುವುದು ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಹಿಂದಿನ ಗೋಡೆಗೆ ಕೂತು. ನೀರು ಇಳಿಸಿ, ಪೈಪು ಕಳಚಿ, ಸುತ್ತಲಿನ ಸ್ಕ್ರೂ ಬಿಚ್ಚಿದ ಮೇಲೂ ಪೆಟ್ಟಿಗೆ ಮೇಲೇಳಲಿಲ್ಲ. ಅಡಿಯ ಹಳೇ ಸ್ಪಾಂಜು ಗೋಂದಿನ ಹಾಗೆ ಹಿಡಿದಿತ್ತು. ಅರ್ಧ ದಿನ ಅದಕ್ಕೇ ಹೋಯಿತು.

ಇಲ್ಲಿನವರು ಇದನ್ನು 'ಹೀಟರ್ ಮ್ಯಾಟ್ರಿಕ್ಸ್' ಅನ್ನುತ್ತಾರೆ, ಅಮೆರಿಕದವರು 'ಕೋರ್'. ನಾನು ಯಾವುದರ ಜಾಡು ಹಿಡಿಯಲಿ? ತಿರುಳು? ಒಡಲು?

ಮರು: ಶಿವಮೊಗ್ಗದಿಂದ

ಕಾಸುತಿರುಳು. ಹೆಚ್ಚು ಹುಡುಕಬೇಕಿಲ್ಲ. ನೀರು ಕಾಸುತ್ತೇವೆ, ಹಾಲು ಕಾಸುತ್ತೇವೆ. ಕಾಯ್ ಎಂಬ ಬೇರಿನಿಂದ ಕಾಸು, ಕಾವು. ತಮಿಳಿನ ಕಾಯ್ಚು, ತೆಲುಗಿನ ಕಾಚು ಇದೇ ಮನೆಯವು. ದೋಸೆ ಹುಯ್ಯುವ ಕಾವಲಿಯೂ ಇದೇ ಬೇರಿನದು ಎಂಬುದು ನನ್ನ ಗಟ್ಟಿ ನಂಬಿಕೆ. ಅದನ್ನು ಬೇರೆ ಕಡೆಯಿಂದ ತರುವವರ ಮಾತು ನನಗೆ ಒಪ್ಪಿಲ್ಲ. ಇಶ್ಟು ದೊಡ್ಡ ಬಳಗ ಮನೆಯಲ್ಲೇ ಇರುವಾಗ ಇಂಗ್ಲಿಶಿನ ಬಾಗಿಲಲ್ಲಿ ನಿಲ್ಲುವುದು ಏಕೆ?

ಮರು: ಧಾರವಾಡದಿಂದ

'ಕಾಸು' ಎಂದರೆ ಓದುಗನಿಗೆ ಮೊದಲು ರೊಕ್ಕ ಕಾಣುತ್ತದೆ. ತಿರುಳು ಮೆತ್ತಗಿನದು, ಸಿಪ್ಪೆಯೊಳಗಿನದು. ಲೋಹದ ಕೊಳವೆಗೆ ಸಲ್ಲದು. 'ಮ್ಯಾಟ್ರಿಕ್ಸ್' ಜಾಡನ್ನೇ ಹಿಡಿಯಿರಿ. ಲ್ಯಾಟಿನ್ನಿನಲ್ಲಿ ಅದಕ್ಕೆ ಗರ್ಭ ಎಂಬ ಅರ್ಥವಿದೆ. ತಾಯಿ ಎಂಬ ಪದದಿಂದಲೇ ಬಂದದ್ದು. ಆದ್ದರಿಂದ 'ತಾಪಕಗರ್ಭ'. ನಾಳೆ ಅದರಿಂದ ಗುಣವಾಚಕ, ಕ್ರಿಯಾಪದ ಏನು ಬೇಕಾದರೂ ಕಟ್ಟಬಹುದು.

ಮರು: ಮೈಸೂರಿನಿಂದ

ನಡುವಿನ ದಾರಿಯಾಗಿ 'ತಾಪತಿರುಳು' ಆಗಬಹುದೇ? 'ಕೋರ್' ಅನ್ನೇ ಇಟ್ಟುಕೊಂಡರೂ ಒಂದು ಎಚ್ಚರ. ಬಸ್ಸು, ನಟ್ಟು ಎಂದ ಹಾಗೆ ಅದನ್ನು 'ಕೋರು' ಮಾಡಬೇಡಿ. ನಮ್ಮ ಕಡೆ ಹೊಲವನ್ನು ಕೋರಿಗೆ ಕೊಡುವುದೆಂದರೆ ಬೆಳೆಯ ಪಾಲಿಗೆ ಕೊಡುವುದು. 'ಹಳೇ ಕೋರು ತೆಗೆದು ಹೊಸದು ಹಾಕಿ' ಎಂದರೆ ಗೇಣಿದಾರನನ್ನು ಬದಲಾಯಿಸಿದಂತೆ ಕೇಳುತ್ತದೆ.

ಮರು: ಶಿವಮೊಗ್ಗದಿಂದ

ತಾಪತಿರುಳು ಅರಿಸಮಾಸ. ಸಕ್ಕದದ ತಲೆಗೆ ಕನ್ನಡದ ಬಾಲ. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ಇದನ್ನು ಎಂದೋ ತಳ್ಳಿಹಾಕಿದ್ದಾನೆ. ತಾಪಕಗರ್ಬದ ಬಗ್ಗೆ ಮಾತೇ ಬೇಡ. ಸ್ಪ್ಯಾನರು ಹಿಡಿದವನು ಅದನ್ನು ಬಾಯಲ್ಲಿ ಆಡಲಾರ.

ಮರು: ಧಾರವಾಡದಿಂದ

ಕೇಶಿರಾಜನನ್ನು ಅರ್ಧ ಓದಿ ಬಡಿಗೆ ಮಾಡಿಕೊಳ್ಳಬೇಡಿ. ಬಿರುದಾವಳಿಯಲ್ಲೂ ಹಿಂದಿನವರು ಬಳಸಿದ ಕಡೆಯೂ ಅರಿಸಮಾಸ ಸಲ್ಲುತ್ತದೆ ಎಂದವನೂ ಅವನೇ. ಗರ್ಭಗುಡಿ ಏನು? ಗರ್ಭ ಸಂಸ್ಕೃತ, ಗುಡಿ ಕನ್ನಡ. ದೇವರನ್ನು ಅಲ್ಲಿಂದ ಎಬ್ಬಿಸುತ್ತೀರಾ? ಚಾವಿ ಪೋರ್ಚುಗೀಸರ ಹಡಗಿನಲ್ಲಿ ಬಂತು, ಕುರ್ಚಿಯ ಮೂಲ ಅರಬ್ಬಿ. ಅವನ್ನೆಲ್ಲ ಬಿಟ್ಟು ಸಂಸ್ಕೃತ ಒಂದನ್ನೇ ಹೊರಗಿಡುವುದು ಯಾವ ನ್ಯಾಯ?

ಮರು: ಶಿವಮೊಗ್ಗದಿಂದ

ಚಾವಿ ಜನರ ಬಾಯಿಂದ ಬಂತು. ತಾಪಕ ಕೋಣೆಯಲ್ಲಿ ಕೂತು ಬರೆಯುವವರ ಪೆನ್ನಿನಿಂದ ಬಂತು. ಎರಡೂ ಒಂದೇ ಅಲ್ಲ.

ಮರು: ತುಮಕೂರಿನಿಂದ

ನಾನು ಪಂಡಿತನಲ್ಲ. ನಮ್ಮಪ್ಪ ಮೂವತ್ತು ವರ್ಷ ರೇಡಿಯೇಟರ್ ರಿಪೇರಿ ಅಂಗಡಿ ನಡೆಸಿದರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಇರುತ್ತಿದ್ದೆ. ಅದಕ್ಕೆ ಎರಡು ಮಾತು.

ಎಂಜಿನ್ನಿನ ಬಿಸಿನೀರು ತಣಿಸುವ ರೇಡಿಯೇಟರಿಗೆ ಮೇಲೊಂದು ಟ್ಯಾಂಕು, ಕೆಳಗೊಂದು ಟ್ಯಾಂಕು. ನಡುವಿನ ಕೊಳವೆ–ರೆಕ್ಕೆಯ ಭಾಗಕ್ಕೆ ಕೋರ್ ಅನ್ನುತ್ತಿದ್ದೆವು. ಅದು ಯಾವುದರ ಒಳಗೂ ಅಡಗಿ ಕೂತಿಲ್ಲ. ಮುಂದೆ ನಿಂತರೆ ಕಣ್ಣಿಗೆ ಬೀಳುವುದೇ ಅದು. ಹಾಗಾಗಿ ತಿರುಳು, ಗರ್ಭ ಎರಡೂ ವಸ್ತುವನ್ನು ತಪ್ಪಾಗಿ ತೋರಿಸುತ್ತವೆ. ಇಂಗ್ಲಿಷ್ ಪದದ ಹೊಟ್ಟೆ ಬಗೆದು ಅರ್ಥ ತೆಗೆಯುವ ಬದಲು ಸಾಮಾನನ್ನು ಕೈಗೆತ್ತಿಕೊಂಡು ನೋಡಿ.

ಅಪ್ಪ ಸೋರುವ ರೇಡಿಯೇಟರಿನ ಒಂದು ಬಾಯಿಗೆ ಬಿರಡೆ ಹಾಕಿ, ಇನ್ನೊಂದು ಬಾಯಿಯಿಂದ ಪಂಪಿನಲ್ಲಿ ಗಾಳಿ ತುಂಬಿ, ನೀರಿನ ತೊಟ್ಟಿಗೆ ಇಳಿಸುತ್ತಿದ್ದರು. ಎಲ್ಲಿ ಗುಳ್ಳೆ ಏಳುತ್ತೋ ಅಲ್ಲಿ ಸೀಮೆಸುಣ್ಣದ ಗುರುತು, ಒರೆಸಿ, ಕಾಯಿಸಿ, ಬೆಸುಗೆ. ಗಮನಿಸಿ, ಆ ಕೆಲಸಕ್ಕೆ ಯಾರೂ ಪದ ಹುಟ್ಟಿಸಬೇಕಾಗಲಿಲ್ಲ. ಬೆಸುಗೆ ನಮ್ಮ ಅಕ್ಕಸಾಲಿ, ಕಂಚುಗಾರರ ಕೈಯಲ್ಲಿ ಮೊದಲೇ ಇತ್ತು. ಕಾರು ಬಂದಾಗ ಹಾಗೇ ಒಳಗೆ ಬಂತು. ಕಾರಿನ ಹೀಟರು ತುಮಕೂರಿನ ಬಿಸಿಲಿಗೆ ಯಾರಿಗೂ ಬೇಕಾಗಿರಲಿಲ್ಲ. ಕೆಲಸವೇ ಇಲ್ಲದ ಕಡೆ ಪದ ಎಲ್ಲಿಂದ ಬರಬೇಕು?

ಆದರೂ ಒಮ್ಮೆ ಯಾರೋ ಹಳೇ ವಿದೇಶಿ ಕಾರಿನದೊಂದು ಹೀಟರ್ ಕೋರ್ ತಂದಿದ್ದರು. ಅಪ್ಪ ಅದನ್ನು ಅಂಗೈ ಮೇಲಿಟ್ಟು ತಿರುಗಿಸಿ ನೋಡಿ, 'ಇದು ಮರಿ ರೇಡಿಯೇಟರ್ ಕಣೋ' ಅಂದರು. ಮುಂದೆ ಅಂಗಡಿಯಲ್ಲಿ ಆ ಮಾತು ಬಂದಾಗಲೆಲ್ಲ ಅದೇ ಹೆಸರು. ನೀರು ಹರಿಯುವುದು, ಗಾಳಿ ಹಾಯುವುದು, ಸೋರುವುದು, ಬೆಸೆಯುವುದು, ಎಲ್ಲ ಆ ಒಂದು ಮಾತಿನಲ್ಲಿ ತಿಳಿಯುತ್ತದೆ.

ಮರು: ಶಿವಮೊಗ್ಗದಿಂದ

ರೇಡಿಯೇಟರ್ ಇರುವವರೆಗೂ ಅದು ಅರೆಗನ್ನಡ. 'ಮರಿ' ಮಾತ್ರ ನಿಮ್ಮ ತಂದೆಯವರದು, ಅದು ಚೆನ್ನಾಗಿದೆ. ಕಾಸುಮರಿ ಎನ್ನಿ, ನಾನು ಒಪ್ಪುತ್ತೇನೆ.

ಮರು: ತುಮಕೂರಿನಿಂದ

ಗುರುಗಳೇ, ಕಾಸುಮರಿ ಅಂತ ಕೇಳಿದರೆ ಯಾವ ಅಂಗಡಿಯವನೂ ಸಾಮಾನು ಕೊಡುವುದಿಲ್ಲ. ರೇಡಿಯೇಟರ್ ಗೊತ್ತಿಲ್ಲದ ಲಾರಿ ಡ್ರೈವರ್ ಈ ರಾಜ್ಯದಲ್ಲಿ ಇದ್ದಾನೆಯೇ? ಅದು ಅವನ ಪದ. ಅವನ ಬಾಯಿಂದ ಕಿತ್ತುಕೊಂಡು ಕನ್ನಡ ಉಳಿಸುತ್ತೇವೆ ಅನ್ನುವುದು ನನಗೆ ನೋವಿನ ಮಾತು.

ಮರು: ಧಾರವಾಡದಿಂದ

ನಿಘಂಟಿಗೆ ತಾಪಕಗರ್ಭ, ಅಂಗಡಿಗೆ ಮರಿ ರೇಡಿಯೇಟರ್ ಎಂದು ಇಟ್ಟುಕೊಳ್ಳಬಹುದು. ನನ್ನ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡಿಲ್ಲ.

ಮರು: ಕೊವೆಂಟ್ರಿಯಿಂದ

ಎಲ್ಲರಿಗೂ ಧನ್ಯವಾದ. ಇಷ್ಟು ಬೇಗ ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ. ತಲೆಬರಹದಲ್ಲಿ 'ಹೀಟರ್ ಕೋರ್' ಇರುತ್ತದೆ. ಹುಡುಕುವವರು ಹುಡುಕುವುದು ಅದನ್ನೇ. ಮೈಸೂರಿನವರ ಎಚ್ಚರದಂತೆ ಉಕಾರ ಸೇರಿಸುವುದಿಲ್ಲ. ಮೊದಲ ಅಡಿಬರಹ ಹೀಗೆ: 'ಹೀಟರ್ ಕೋರ್ ಎಂದರೆ ಕಾರಿನ ಒಳಗನ್ನು ಬೆಚ್ಚಗಿಡುವ ಮರಿ ರೇಡಿಯೇಟರ್.' ಅಲ್ಲಿಂದ ಮುಂದೆ ಕೊನೆಯವರೆಗೂ ಮರಿ ರೇಡಿಯೇಟರ್ ಎಂದೇ ಬರೆದಿದ್ದೇನೆ.

ತುಮಕೂರಿನವರ ಓಲೆ ಓದಿದ ಮೇಲೆ, ಎಸೆಯಲು ಇಟ್ಟಿದ್ದ ಹಳೇ ಕೋರನ್ನು ತಂದು ಒಂದು ಬಾಯಿ ಬಿಗಿದು, ಸೈಕಲ್ ಪಂಪಿನಲ್ಲಿ ಗಾಳಿ ತುಂಬಿ ಬಕೆಟ್ಟಿಗೆ ಇಳಿಸಿದೆ. ಎಡಮೂಲೆಯಲ್ಲಿ, ಕೊಳವೆ ಟ್ಯಾಂಕಿಗೆ ಸೇರುವ ಬೆಸುಗೆಯಿಂದ, ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಅದನ್ನೂ ಚಿತ್ರೀಕರಿಸಿ ವಿಡಿಯೊದ ಮೊದಲಿಗೇ ಸೇರಿಸಿದ್ದೇನೆ.