ಅರಸೀಕೆರೆ ಕಡೆಗೆ ಎಣ್ಣೆ ತಾಳೆಯ ಯಾವ ತಳಿ? ಹಾಕಿದವರು ಹೇಳಿ

ಪ್ರಶ್ನೆ: ಅರಸೀಕೆರೆ ಬಳಿ ಮೂರು ಎಕರೆ. ಕಪ್ಪುತಲೆ ಹುಳುವಿಗೆ ತೆಂಗು ಸೋತಿದೆ. ಹೊರದೇಶದ ಬೀಜದ ಟೆನೆರಾ (ತೆಳು ಕರಟದ, ಹೆಚ್ಚು ಎಣ್ಣೆಯ ಮಿಶ್ರತಳಿ) ಹಾಕಲೋ, ಇಲ್ಲಿನ ಬೀಜೋದ್ಯಾನದ್ದೋ? ಒಂದು ಕೊಳವೆಬಾವಿ, ಎರಡು ಇಂಚು ನೀರು.

ತರೀಕೆರೆ, ಭದ್ರಾ ನಾಲೆಯ ಕೆಳಗೆ: ಕಣ್ಣು ಮುಚ್ಚಿ ಹೊರದೇಶದ್ದು ಹಾಕಿ. ಎಕರೆಗೆ 57 ಸಸಿ ನೆಟ್ಟೆ. ಮೊದಲ ಮಳೆಗಾಲದಲ್ಲೇ ಹಂದಿಗಳು ಬುಡ ತಿಂದವು. ತಂತಿ, ಕಲ್ಲುಕಂಬ, ಕೂಲಿ ಸೇರಿ 86,000 ರೂಪಾಯಿ. 2021ರ ಕೇಂದ್ರ ಯೋಜನೆಯಲ್ಲಿ ಸಸಿಗೆಂದು ಹೆಕ್ಟೇರಿಗೆ 29,000 ಸಹಾಯಧನವಿದೆ, ಹಂದಿಗೆಂದು ನನಗೆ ಯಾರೂ ಬಿಡಿಗಾಸು ಕೊಡಲಿಲ್ಲ. ಮರ ಮೊದಲು ಗಟ್ಟಿಯಾಗಲೆಂದು ಆರಂಭದ ಹೂವನ್ನೆಲ್ಲ ಕಿತ್ತು ಹಾಕಿಸಿದಾಗ ಊರವರು ಹುಚ್ಚ ಎಂದರು. ಈಗ ಅವರೇ ಗೊನೆ ಎಣಿಸಲು ಬರುತ್ತಾರೆ.

ಕಡೂರು: ನಾಲೆಯ ನೀರಿದ್ದವರಿಗೆ ಯಾವ ತಳಿಯಾದರೂ ಚಿನ್ನವೇ. ನನ್ನದೂ ಹೊರದೇಶದ್ದೇ. ಬೇಸಿಗೆಯಲ್ಲಿ ಒಂದು ಮರ ದಿನಕ್ಕೆ 250 ಲೀಟರ್ ಕೇಳುತ್ತದೆ. ಕೊಳವೆಬಾವಿ ಬತ್ತಿದ ವರ್ಷ ಟ್ಯಾಂಕರಿಗೆ ಸುರಿದದ್ದು 1,12,000. ಹೊಸದು 720 ಅಡಿಗೆ ಇಳಿದು ಬರೀ ಧೂಳು ಕಾರಿತು. ಮರ ಸಾಯಲಿಲ್ಲ, ಮೋಸ ಇರುವುದೇ ಅಲ್ಲಿ. ಪೆಟ್ಟು ಗೊತ್ತಾದದ್ದು ವರ್ಷ ಕಳೆದ ಮೇಲೆ: ಗೊನೆ ಬರಬೇಕಾದ ಕಂಕುಳಲ್ಲೆಲ್ಲ ಗಂಡು ಹೂವು.

ತರೀಕೆರೆ: ನಿಮ್ಮ ನರ್ಸರಿಯವರು ದಪ್ಪ ಕರಟದ, ಕಡಿಮೆ ಎಣ್ಣೆಯ ಡ್ಯುರಾ ತುರುಕಿರಬೇಕು.

ಕಡೂರು: ಸ್ವಾಮಿ, ಹಣ್ಣನ್ನು ಅಡ್ಡ ಕೊಯ್ದು ನೋಡಿಯೇ ಬರೆಯುತ್ತಿದ್ದೇನೆ. ಕರಟ ತೆಳು, ಸುತ್ತ ನಾರಿನ ಉಂಗುರ. ಡ್ಯುರಾದಲ್ಲಿ ಆ ಉಂಗುರ ಇರುವುದಿಲ್ಲ. ನೀರಿನ ತಪ್ಪನ್ನು ತಳಿಯ ತಲೆಗೆ ಕಟ್ಟಬೇಡಿ.

ಚನ್ನರಾಯಪಟ್ಟಣ: ನನ್ನವು ಕೇರಳದ ಪಾಲೋಡ್ ಬೀಜೋದ್ಯಾನದ ಸಸಿಗಳು. ಫಸಲಿಗೆ ದೂರಿಲ್ಲ. ಕೊಯ್ದ ಗೊನೆ 24 ಗಂಟೆಯೊಳಗೆ ಗಿರಣಿ ಸೇರದಿದ್ದರೆ ಎಣ್ಣೆಯಲ್ಲಿ ಆಮ್ಲ ಏರುತ್ತದೆ. ಖರೀದಿ ಕಂಪನಿಯ ಲಾರಿ ಬಂದದ್ದು ಮೂರನೆಯ ದಿನ. ಒಣಗಿದೆ ಎಂದು ಒಂದು ಕಡಿತ, ತೊಟ್ಟು ಉದ್ದ ಎಂದು ಇನ್ನೊಂದು. ಸುತ್ತ ಬೆಳೆಗಾರರಿಲ್ಲದ ಊರಿಗೆ ಯಾರು ಲಾರಿ ಕಳಿಸುತ್ತಾರೆ? ಕೀಳಿಸಿದೆ. ಜೆಸಿಬಿಗೆ ಗಂಟೆಗೆ 1,300, ಡೀಸೆಲ್ ಬೇರೆ ಎಂದು ಜಗಳ.

ತಿಪಟೂರು ರಸ್ತೆ: ಕೊಬ್ಬರಿ ಮಾರುಕಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡು ತಾಳೆಯೇ? ಆ ಎಣ್ಣೆ ನಮ್ಮ ಹೊಸಿಲು ದಾಟುವುದಿಲ್ಲ.

ತರೀಕೆರೆ: ಅದೇ ಎಣ್ಣೆ ಹಾಕಿದ ಬೇಕರಿಯ ಖಾರಾ ಬಿಸ್ಕತ್ತು ದಾಟುತ್ತದೆಯೋ?

ತಿಪಟೂರು ರಸ್ತೆ: ಅಯ್ಯಂಗಾರ್ ಬೇಕರಿಗಳ ಮೂಲವೇ ನಮ್ಮ ಹಾಸನ ಜಿಲ್ಲೆ. ಬೇಕರಿಯ ಪಾಠ ನಮಗೆ ಬೇಡ.

ಕಡೂರು: ಬಿಸ್ಕತ್ತು ಬಿಡಿ. ತರೀಕೆರೆಯವರು ನಾಲೆ ನಿಂತ ವರ್ಷದ ತೂಕದ ಚೀಟಿ ತೋರಿಸಲಿ.

ತರೀಕೆರೆ: ಮೊದಲು ನಿಮ್ಮ ಹಣ್ಣಿನ ಚಿತ್ರ ಹಾಕಿ.