ಪದಚರ್ಚೆ: ಬೋಟಿನ ಸ್ಟೀರಿಯೊ ಮತ್ತು ‘ಸಾಮರ್ಥ್ಯ’ ಎಂಬ ತೊಡಕು

ಬಲ್ಲವರಲ್ಲಿ ಒಂದು ಪದದ ವಿಚಾರವಾಗಿ ಕೇಳಬೇಕಾಗಿದೆ. ದೊಡ್ಡ ಮೋಟಾರು ಬೋಟಿನಲ್ಲಿ ಹಳೆಯ ಸ್ಟೀರಿಯೊ ತೆಗೆದು ಹೆಚ್ಚು ವ್ಯಾಟಿನ ಹೊಸದನ್ನು ಕೂರಿಸುವಾಗ ಅದಕ್ಕೆ ಬೇಕಾಗುವ ವಿದ್ಯುತ್ತನ್ನು ಎಲ್ಲಿಂದ, ಹೇಗೆ ಕೊಡಬೇಕು ಎಂಬುದನ್ನು ವಿವರಿಸುವ ಆರು ಪುಟದ ಇಂಗ್ಲಿಷ್ ಕೈಪಿಡಿಯೊಂದನ್ನು ನಾನು ಕನ್ನಡಕ್ಕೆ ತರುತ್ತಿದ್ದೇನೆ. ಮಲ್ಪೆಯಲ್ಲಿ ಬೋಟುಗಳ ವೈರಿಂಗ್ ಕೆಲಸ ಮಾಡುವ ನನ್ನ ಸೋದರತ್ತೆಯ ಮಗನ ಬೇಡಿಕೆ ಇದು. ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆಗೆ ನಿಷೇಧವಿರುವ 61 ದಿನ ಬೋಟುಗಳೆಲ್ಲ ದಕ್ಕೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಬಣ್ಣ, ಬಲೆ, ಇಂಜಿನ್, ವೈರಿಂಗ್ ಎಲ್ಲದರ ದುರಸ್ತಿಯೂ ಆಗಲೇ ಆಗಬೇಕು. ಅವನ ಕೈಕೆಳಗಿನ ಹುಡುಗರು ಆಡುವುದು ತುಳುವಾದರೂ ಓದುವುದು ಕನ್ನಡದಲ್ಲಿ. ಆದ್ದರಿಂದ ಪಾಠದಂತೆ ಕೇಳಿಸದ, ಆದರೆ ತಪ್ಪಿಗೆ ಎಡೆಗೊಡದ ಕನ್ನಡ ಬೇಕು.

ತೊಡಕು ಶುರುವಾದದ್ದು ಮೂರನೆಯ ಪುಟದಲ್ಲಿ. ‘ಸಾಮರ್ಥ್ಯ ಸಾಲದಿದ್ದರೆ ಮೊದಲು ಅದನ್ನು ಹೆಚ್ಚಿಸಿಕೊಂಡು ಆಮೇಲೆ ಮುಂದಿನ ಕೆಲಸಕ್ಕೆ ಕೈ ಹಾಕಬೇಕು’ ಎಂದು ನಾನು ಬರೆದಿದ್ದೆ. ಅಲ್ಲಿ ನಡೆಯುತ್ತಿದ್ದದ್ದು ಬ್ಯಾಟರಿಯ ಮಾತು. ಕರಡನ್ನು ಓದಿದ ಹುಡುಗನೊಬ್ಬ ನೇರವಾಗಿ ಅಂಗಡಿಗೆ ಹೋಗಿ ಇನ್ನೂ ದೊಡ್ಡ ಆಂಪ್ಲಿಫೈಯರಿನ ಬೆಲೆ ವಿಚಾರಿಸಿಕೊಂಡು ಬಂದ. ‘ಸಾಮರ್ಥ್ಯ ಅಂದರೆ ವ್ಯಾಟ್ ಅಲ್ಲವಾ?’ ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಬ್ಯಾಟರಿಯೇ ಸಾಲದ ಬೋಟಿಗೆ ಅದನ್ನು ಇನ್ನೂ ಬೇಗ ಬರಿದು ಮಾಡುವ ಆಂಪ್ಲಿಫೈಯರನ್ನು ನನ್ನ ವಾಕ್ಯವೇ ಶಿಫಾರಸು ಮಾಡಿದಂತಾಗಿತ್ತು. ಹುಡುಗನದು ತಪ್ಪಲ್ಲ, ಶಾಲೆಯಲ್ಲಿ ಅವನು ಕಲಿತದ್ದೇ ಹಾಗೆ.

ನಮ್ಮ ವಿಜ್ಞಾನದ ಪಠ್ಯಗಳಲ್ಲಿ ಫೋರ್ಸ್ ಎಂದರೆ ಬಲ, ಎನರ್ಜಿ ಎಂದರೆ ಶಕ್ತಿ, ಪವರ್ ಎಂದರೆ ಸಾಮರ್ಥ್ಯ. ಸೆಕೆಂಡಿಗೆ ಒಂದು ಜೌಲ್‌ನಷ್ಟು ಕೆಲಸ ನಡೆದರೆ ಅದು ಒಂದು ವ್ಯಾಟ್ ಸಾಮರ್ಥ್ಯ. ಇಷ್ಟೇ ಆಗಿದ್ದರೆ ಸಲೀಸಾಗಿತ್ತು. ಆದರೆ ಅದೇ ಬೋಟಿನ ಇಂಜಿನ್ನನ್ನು ನಾವು ಅಳೆಯುವುದು ಅಶ್ವಶಕ್ತಿಯಲ್ಲಿ. ಒಂದು ಅಶ್ವಶಕ್ತಿ ಎಂದರೆ ಸುಮಾರು 746 ವ್ಯಾಟ್, ಅಂದರೆ ಪಠ್ಯದ ಪ್ರಕಾರ ಅದು ‘ಅಶ್ವಸಾಮರ್ಥ್ಯ’ ಆಗಬೇಕಿತ್ತು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಪಡೆಯುವ ರೈತನಿಗೆ ಈ ಪದವನ್ನು ಬದಲಿಸಿಕೊಳ್ಳಿ ಎಂದು ಯಾರೂ ಹೇಳಲಾರರು, ಹೇಳಲೂ ಬಾರದು. ಹಿಂದಿಯಲ್ಲಿ ಪವರ್ ಎಂಬುದಕ್ಕೇ ಶಕ್ತಿ ಎಂಬ ಪದವಿದ್ದು ಎನರ್ಜಿ ಎಂಬುದು ಊರ್ಜಾ ಆಗಿರುವುದರಿಂದ, ಹಿಂದಿಯ ಮೂಲಕ ಬಂದ ತಾಂತ್ರಿಕ ಅನುವಾದಗಳಲ್ಲಿ ನಮ್ಮ ಶಕ್ತಿ ಎಂಬ ಪದ ಬೇರೆಯೇ ಅರ್ಥ ಹೊತ್ತು ಕೂರುತ್ತದೆ. ಇನ್ನು ಕರ್ನಾಟಕ ವಿದ್ಯುತ್ ನಿಗಮದ ಹೆಸರಿನಲ್ಲಿ ಪವರ್ ಎಂದರೆ ಶಕ್ತಿಯೂ ಅಲ್ಲ, ಸಾಮರ್ಥ್ಯವೂ ಅಲ್ಲ, ವಿದ್ಯುತ್ತೇ. ಇವೆಲ್ಲವನ್ನೂ ಸಂದರ್ಭ ನೋಡಿ ಹೇಗೋ ನಿಭಾಯಿಸಬಹುದು. ನಿಭಾಯಿಸಲಾಗದ್ದು ಒಂದೇ: ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬುದಕ್ಕೂ ಆಂಪ್ಲಿಫೈಯರು ಎಷ್ಟು ಬೇಡುತ್ತದೆ ಎಂಬುದಕ್ಕೂ ನಾವು ‘ಸಾಮರ್ಥ್ಯ’ ಎಂದೇ ಬರೆಯುತ್ತಿದ್ದೇವೆ.

ಇದು ಬರಿಯ ಪದದ ಜಗಳವಲ್ಲ ಎಂಬುದಕ್ಕೆ ಕೈಪಿಡಿಯ ಲೆಕ್ಕವನ್ನೇ ನೋಡಬಹುದು. ಒಟ್ಟು 800 ವ್ಯಾಟ್ ಹೊರಗೆ ಕೊಡುವ, ಶೇ 80ರಷ್ಟು ದಕ್ಷತೆಯ ಆಂಪ್ಲಿಫೈಯರು ಪೂರ್ತಿ ದನಿಯಲ್ಲಿ 1,000 ವ್ಯಾಟ್ ಒಳಗೆ ತೆಗೆದುಕೊಳ್ಳುತ್ತದೆ. 12.5 ವೋಲ್ಟಿನಲ್ಲಿ ಅದು 80 ಆಂಪಿಯರ್. ಹಾಡಿನಲ್ಲಿ ಏರಿಳಿತ ಇರುವುದರಿಂದ ಸರಾಸರಿ ಇದರ ಮೂರನೇ ಒಂದರಷ್ಟು, ಅಂದರೆ 27 ಆಂಪಿಯರ್ ಎಂದು ಹಿಡಿದುಕೊಳ್ಳೋಣ. 200 ಆಂಪಿಯರ್-ಅವರ್‌ನ (ಗಂಟೆಗಳನ್ನು ಆಂಪಿಯರಿನಿಂದ ಗುಣಿಸಿದರೆ 200 ಆಗುವಷ್ಟು ಹಿಡಿಯುವ) ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕುಗ್ಗುವುದರಿಂದ, ಬಳಕೆಗೆ ಸಿಗುವುದು 100 ಮಾತ್ರ. ಇಂಜಿನ್ ನಿಂತಿರುವಾಗ ನಾಲ್ಕು ಗಂಟೆಯೂ ಪೂರ್ತಿ ಹಾಡು ಕೇಳಲಾಗದು. ಈ ಲೆಕ್ಕದಲ್ಲಿ 800 ಎಂಬುದೂ ‘ಸಾಮರ್ಥ್ಯ’, 200 ಎಂಬುದೂ ‘ಸಾಮರ್ಥ್ಯ’ ಎಂದು ಬರೆದರೆ ಓದುವವನು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟೇ ಇಡುತ್ತಾನೆ.

ಇದಕ್ಕೆ ನನಗೆ ತೋಚಿದ ದಾರಿ ಪತ್ರಿಕೆಗಳ ಜಲಾಶಯ ವರದಿಯದು. ಕೆಆರ್‌ಎಸ್‌ನ ಗರಿಷ್ಠ ಸಂಗ್ರಹ 49.45 ಟಿಎಂಸಿ ಅಡಿ, ಇಂದಿನ ಹೊರಹರಿವು ಇಷ್ಟು ಸಾವಿರ ಕ್ಯುಸೆಕ್ ಎಂದು ಓದಿದವರು ಯಾರೂ ಟಿಎಂಸಿಯನ್ನೂ ಕ್ಯುಸೆಕ್ಕನ್ನೂ ಬೆರೆಸಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಇವನ್ನು ನೋಡುವ ಕನ್ನಡಿಗನಿಗೆ, ಕೂಡಿಟ್ಟದ್ದು ಬೇರೆ, ಹರಿದುಹೋಗುವುದು ಬೇರೆ ಎಂಬುದು ರೂಢಿಯಾಗಿಬಿಟ್ಟಿದೆ. ಆಂಪಿಯರ್-ಅವರ್ ಎಂಬುದು ಟಿಎಂಸಿಯಂತೆ, ಆಂಪಿಯರ್ ಎಂಬುದು ಕ್ಯುಸೆಕ್ಕಿನಂತೆ. ಬ್ಯಾಟರಿಯಲ್ಲಿ ಮುಟ್ಟಬಾರದ ಕೆಳಗಿನ ಅರ್ಧಕ್ಕೂ ಒಂದು ಹೋಲಿಕೆ ಸಿದ್ಧವಾಗಿಯೇ ಇದೆ: ಪತ್ರಿಕೆಯವರು ‘ಡೆಡ್ ಸ್ಟೋರೇಜ್’ ಎಂದು ಇದ್ದಂತೆಯೇ ಅಚ್ಚು ಹಾಕುವ ನೀರು. ಹೋಲಿಕೆ ಪೂರ್ತಿ ಕೂಡುವುದಿಲ್ಲ, ಏಕೆಂದರೆ ಅಲ್ಲಿ ನೀರು ತೂಬಿನ ಮಟ್ಟಕ್ಕಿಂತ ಕೆಳಗಿರುವುದರಿಂದ ಹೊರಗೆ ಹರಿಯುವುದಿಲ್ಲ, ಇಲ್ಲಿ ತೆಗೆಯಬಹುದಾದರೂ ತೆಗೆಯಬಾರದು. ಆದರೂ ಹುಡುಗರಿಗೆ ಇದನ್ನು ಹೇಳಿದ ಕೂಡಲೇ ಅರ್ಥವಾಯಿತು. ಹಾಗಾಗಿ ಬ್ಯಾಟರಿಗೆ ‘ಸಂಗ್ರಹ’, ಆಂಪ್ಲಿಫೈಯರಿಗೆ ‘ಸಾಮರ್ಥ್ಯ’ ಎಂದು ಸದ್ಯಕ್ಕೆ ಗೆರೆ ಎಳೆದಿದ್ದೇನೆ. ‘ಸಂಗ್ರಹ ಸಾಮರ್ಥ್ಯ’ ಎಂಬ ಜೋಡುಪದವನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು ಬಂದರೆ ಎರಡನೆಯ ಸಲಕ್ಕೆ ‘ಸಂಗ್ರಹ’ ಉದುರಿ ಮತ್ತೆ ಬರಿಯ ‘ಸಾಮರ್ಥ್ಯ’ವೇ ಉಳಿಯುತ್ತದೆ. ‘ಧಾರಣ’ ಎಂಬ ಪದವನ್ನೂ ಯೋಚಿಸಿದೆ. ಆದರೆ ಕೆಪಾಸಿಟರನ್ನು ಧಾರಕ ಎಂದು ಬರೆಯುವವರಿದ್ದಾರೆ, ದೊಡ್ಡ ಸ್ಟೀರಿಯೊಗಳ ಜೊತೆಗೆ ಆ ಬಿಡಿಭಾಗವನ್ನೂ ಜೋಡಿಸುವುದುಂಟು, ಹೊಸ ಗೊಂದಲ ಬೇಡವೆನಿಸಿತು.

ಎರಡನೆಯ ಪ್ರಶ್ನೆ ಕ್ರಿಯಾಪದದ್ದು. ಇಂಗ್ಲಿಷಿನಲ್ಲಿ ಪವರ್ ಎಂಬುದೇ ಕ್ರಿಯಾಪದವಾಗಿ ಶೀರ್ಷಿಕೆಯಲ್ಲಿ ನಿಂತಿದೆ. ‘ವಿದ್ಯುತ್ ಸರಬರಾಜು ಮಾಡುವುದು’ ಎಂದರೆ ಕಚೇರಿಯ ಬೋರ್ಡಿನಂತಾಗುತ್ತದೆ. ‘ವಿದ್ಯುತ್ ಪೂರೈಸುವುದು’ ಸಾಧುವಾದರೂ ಸಪ್ಪೆ. ದಕ್ಕೆಯಲ್ಲಿ ನಿಂತು ಕೇಳಿದರೆ ಮಾತು ಬೇರೆಯೇ ಇದೆ. ಹೊಸ ಸೆಟ್ಟು ‘ಬ್ಯಾಟರಿ ತಿನ್ನುತ್ತದೆ’, ‘ಕರೆಂಟು ಎಳೆಯುತ್ತದೆ’, ಬೆಳಿಗ್ಗೆಗೆ ಬ್ಯಾಟರಿ ‘ಇಳಿದಿರುತ್ತದೆ’. ಆಡುಮಾತಿನಲ್ಲಿ ಉಪಕರಣ ಉಣ್ಣುವ ಜೀವಿ. ಬರಹದಲ್ಲಿ ಮಾತ್ರ ನಾವು ಕೊಡುವವನ ಕಡೆಯಿಂದ ವಾಕ್ಯ ಕಟ್ಟುತ್ತೇವೆ. ತಿನ್ನುವವನಿದ್ದ ಮೇಲೆ ಉಣಿಸುವವನೂ ಇರಬೇಕಲ್ಲ! ಗದ್ದೆಗೆ ನೀರುಣಿಸುತ್ತೇವೆ, ಮಗುವಿಗೆ ಹಾಲುಣಿಸುತ್ತೇವೆ. ಹಳಗನ್ನಡದ ಊಡು ಎಂಬ ಧಾತು ಹಾಲೂಡು ಎಂಬಲ್ಲಿ ಇನ್ನೂ ಉಸಿರಾಡುತ್ತಿದೆ. ‘ಸ್ಟೀರಿಯೊಗೆ ವಿದ್ಯುತ್ತುಣಿಸುವುದು’ ಎಂದು ಬರೆದರೆ ಅರ್ಥವೂ ಸರಿ, ಆಡುಮಾತಿನ ಜಾಡೂ ಸರಿ. ಆದರೆ ಆ ಸಂಧಿ ಕಿವಿಗೆ ಒರಟು, ಎರಡು ಪದವಾಗಿ ಬಿಡಿಸಿ ಬರೆದರೆ ಅಷ್ಟು ಒರಟಲ್ಲ. ಇದು ನನ್ನ ಕಿವಿಯ ದೋಷವೋ ಪದದ ದೋಷವೋ ಎಂಬುದನ್ನು ತಿಳಿದವರು ಹೇಳಬೇಕು. ಇಲ್ಲೇ ಇನ್ನೊಂದು ಎಚ್ಚರಿಕೆ: ಮನೆಯಲ್ಲಿ ‘ಕರೆಂಟು ಹೋಯಿತು’ ಎನ್ನುವಾಗ ಕರೆಂಟು ಎಂದರೆ ಪೂರೈಕೆ, ವೈರಿನ ಗಾತ್ರದ ಮಾತಿನಲ್ಲಿ ಕರೆಂಟು ಎಂದರೆ ಆಂಪಿಯರ್. ಕೈಪಿಡಿಯಲ್ಲಿ ಎರಡನೆಯ ಅರ್ಥಕ್ಕೆ ನಾನು ‘ಆಂಪಿಯರ್’ ಎಂದೇ ಬರೆಯುತ್ತಿದ್ದೇನೆ.

ಮೂರನೆಯದು ‘ಪರಿವರ್ತಕ’. ದೊಡ್ಡ ಬೋಟುಗಳಲ್ಲಿ 24 ವೋಲ್ಟಿನ ವ್ಯವಸ್ಥೆ ಸಾಮಾನ್ಯ, ಏಕೆಂದರೆ ಬ್ಯಾಟರಿಯಿಂದ ಕ್ಯಾಬಿನ್ನಿಗೆ ದೂರ ಹೆಚ್ಚು. 35 ಚದರ ಮಿಲಿಮೀಟರಿನ ತಾಮ್ರದ ಕೇಬಲನ್ನು ಹತ್ತು ಮೀಟರ್ ಎಳೆದರೆ, ಹೋಗಿಬರುವ ಇಪ್ಪತ್ತು ಮೀಟರಿನಲ್ಲಿ 80 ಆಂಪಿಯರಿಗೆ ಸುಮಾರು 0.8 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಅಷ್ಟೇ ಕೆಲಸವನ್ನು 24 ವೋಲ್ಟಿನಲ್ಲಿ ಮಾಡಿದರೆ 40 ಆಂಪಿಯರ್ ಸಾಕು, ದಾರಿಯಲ್ಲಿ ಕಳೆಯುವ ವೋಲ್ಟೂ ಅರ್ಧ. ಆದರೆ ಮಾರುಕಟ್ಟೆಯ ಸ್ಟೀರಿಯೊಗಳು ಹೆಚ್ಚಾಗಿ 12 ವೋಲ್ಟಿನವು. 24 ವೋಲ್ಟಿಗಾಗಿ ಸರಣಿಯಲ್ಲಿ ಜೋಡಿಸಿದ ಎರಡು 12 ವೋಲ್ಟಿನ ಬ್ಯಾಟರಿಗಳ ಪೈಕಿ ಒಂದರಿಂದ ಮಾತ್ರ 12 ವೋಲ್ಟ್ ಕದಿಯುವ ಚಾಳಿ ಇದೆ. ಆಗ ಒಂದು ಬ್ಯಾಟರಿ ಸದಾ ಹಸಿದಿರುತ್ತದೆ, ಇನ್ನೊಂದಕ್ಕೆ ಅಜೀರ್ಣವಾಗುತ್ತದೆ, ಎರಡೂ ಕೆಡುತ್ತವೆ. ಸರಿಯಾದ ದಾರಿ 24ರಿಂದ 12ಕ್ಕೆ ಇಳಿಸುವ ಡಿಸಿ ಕನ್ವರ್ಟರ್. ಇದನ್ನು ‘ಪರಿವರ್ತಕ’ ಎಂದು ಬರೆದೆ. ಸೋದರತ್ತೆಯ ಮಗ ನಕ್ಕ. ಪತ್ರಿಕೆಯಲ್ಲಿ ‘ವಿದ್ಯುತ್ ಪರಿವರ್ತಕ ಸುಟ್ಟಿದೆ’ ಎಂದಿದ್ದರೆ ಅದು ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್, ಊರವರ ಬಾಯಲ್ಲಿ ಟಿಸಿ. ಆ ಯಂತ್ರ ಬ್ಯಾಟರಿಯ ನೇರ ವಿದ್ಯುತ್ತಿನ ಮೇಲೆ ಕೆಲಸವನ್ನೇ ಮಾಡದು. ‘ವೋಲ್ಟ್ ಇಳಿಕ’ ಎಂಬ ಪದವನ್ನು ಅವನೇ ಸೂಚಿಸಿದ. ನನಗೆ ಮನಸ್ಸಿಗೆ ಬಂದಿದೆ, ಆದರೆ ಅಚ್ಚಿಗೆ ಹಾಕಲು ಧೈರ್ಯವಿಲ್ಲ.

ಧ್ವನಿವರ್ಧಕದ ಕಥೆಯೂ ಹೀಗೆಯೇ. ಪದದ ಅರ್ಥ ಬಿಡಿಸಿದರೆ ಅದು ಆಂಪ್ಲಿಫೈಯರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದು ಎಂಬ ಪ್ರಕಟಣೆಯಲ್ಲಿ ಅದು ಲೌಡ್‌ಸ್ಪೀಕರು. ಯಕ್ಷಗಾನದ ಬಯಲಿನಲ್ಲಿ ಇವೆರಡೂ ಸೇರಿ ‘ಮೈಕ್ ಸೆಟ್’. ನಾನು ಆಂಪ್ಲಿಫೈಯರ್, ಸ್ಪೀಕರ್ ಎಂದೇ ಉಳಿಸಿದ್ದೇನೆ. ನೆಗೆಟಿವ್ ವೈರಿನ ಜೋಡಣೆಗೆ ಇಂಗ್ಲಿಷಿನವರು ಹೇಳುವ ‘ಗ್ರೌಂಡ್’ ಎಂಬುದಕ್ಕೆ ಭೂಸಂಪರ್ಕ ಎಂದು ಬರೆದರೆ ನೆಲವೇ ಕಾಣದ ನಡುಗಡಲಿನಲ್ಲಿ ಭೂಮಿಯನ್ನು ಹುಡುಕಿದಂತಾಗುತ್ತದೆ. ಕಾರಿನಲ್ಲಿ ಮಾಡುವಂತೆ ಲೋಹದ ಮೈಗೆ ಜೋಡಿಸುವುದೂ ಇಲ್ಲಿ ಸಲ್ಲದು, ಸೋರಿದ ವಿದ್ಯುತ್ತು ನೀರಿನಲ್ಲಿರುವ ಲೋಹದ ಭಾಗಗಳನ್ನು ತಿಂದುಹಾಕುತ್ತದೆ. ಹಾಗಾಗಿ ಬರಿದೇ ‘ನೆಗೆಟಿವ್ ವೈರನ್ನು ಬ್ಯಾಟರಿಯವರೆಗೆ ಎಳೆಯಿರಿ’ ಎಂದಿದ್ದೇನೆ.

ಕೊನೆಯದಾಗಿ, ಇಂಜಿನ್ ಚಾಲೂ ಮಾಡುವ ಬ್ಯಾಟರಿಯನ್ನು ಬಿಟ್ಟು ದೀಪ, ಫ್ಯಾನು, ಸ್ಟೀರಿಯೊಗಳಿಗೆಂದೇ ಇಡುವ ಬ್ಯಾಟರಿಗಳ ಗುಂಪಿಗೆ ಇಂಗ್ಲಿಷಿನವರು ‘ಹೌಸ್ ಬ್ಯಾಂಕ್’ ಎನ್ನುತ್ತಾರೆ. ‘ಮನೆ ಬ್ಯಾಟರಿ’ ಎಂದರೆ ಮನೆಯ ಇನ್ವರ್ಟರಿನ ನೆನಪಾಗುತ್ತದೆ, ‘ಬ್ಯಾಟರಿ ಬ್ಯಾಂಕ್’ ಎಂದರೆ ಸಾಲದ ನೆನಪಾಗುತ್ತದೆ. ‘ಬಳಕೆ ಬ್ಯಾಟರಿ’ ಎಂದು ಬರೆದಿದ್ದೇನೆ. ಸ್ಟೀರಿಯೊದ ತಂತಿ ಚಾಲೂ ಬ್ಯಾಟರಿಗೆ ಹೋದರೆ ದಡ ಕಾಣದ ಕಡೆ ಇಂಜಿನ್ ಎದ್ದೇಳದೆ ಹೋಗಬಹುದಾದ್ದರಿಂದ ಈ ಒಂದು ಪದದಲ್ಲಿ ಸಂದೇಹಕ್ಕೆ ಎಡೆ ಇರಬಾರದು. ಭಟ್ಕಳ, ಹೊನ್ನಾವರ, ಕಾರವಾರದ ಕಡೆಯ ಬೋಟುಗಳಲ್ಲಿ ಇದಕ್ಕೆ ರೂಢಿಯ ಹೆಸರು ಏನಿದೆ ಎಂಬುದನ್ನು ಬಲ್ಲವರು ತಿಳಿಸಿದರೆ, ಆಗಸ್ಟ್ 1ಕ್ಕೆ ಬೋಟುಗಳು ಇಳಿಯುವ ಮೊದಲೇ ನನ್ನ ಪದವನ್ನು ಹೊಡೆದು ಅದನ್ನೇ ಹಾಕುತ್ತೇನೆ.